ಒಂದು ವಾಲ್ವು ಸರಿಸಿದಾಗ

ರುವೈಸ್. ರಾತ್ರಿ ಪಾಳಿ. ಎಸಿಯ ಗೊರಕೆ.
ಒಂದು ವಾಲ್ವು ಬೆರಳಗಲ ಸರಿಸಿದರೂ
ಪರದೆಯ ರಿಫೈನರಿಯಿಡೀ ಕಣ್ಣು ಮಿಟುಕಿಸುತ್ತಿತ್ತು:
ಹನ್ನೊಂದು ಸಾವಿರ ಗೆರೆ, ಬುಡದಿಂದ ಮತ್ತೆ.

"ಮೈಯೆಲ್ಲ ಯಾಕೆ ತೊಳೀಬೇಕು ಮಾರಾಯ್ರೆ,
ಕೆಸರು ಕಾಲಿಗಲ್ವಾ?" ಅಂದ ಇದಿನಬ್ಬ, ಚಾ ತಂದವ.

ಎರಡೇ ಚೌಕ, ಬರೆದೆ: ಬಿಟ್ಟ ಜಾಗ, ಹೊಕ್ಕ ಜಾಗ.
ಮಿಟುಕು ನಿಂತಿತು. ಆದರೆ ಬಿಟ್ಟಲ್ಲಿ
ಬಿಳಿ ಬಳಿದರೆ ಅಡಿಯ ಪೈಪೂ ಕಡಿಯಿತು.
ಅಳಿಸುವುದೆಂಬುದೇ ಇಲ್ಲ ಇಲ್ಲಿ,
ಅಡಿಗಿದ್ದುದನ್ನು ಮತ್ತೆ ಬರೆಯುವುದಷ್ಟೇ.
ತಿಳಿಯಲು ಮೂರು ರಾತ್ರಿ ಬೇಕಾಯಿತು.

ಗುರುವಾರ ಇದಿನಬ್ಬನ ವೀಸಾ ಮುಗಿಯಿತು.
ಶನಿವಾರ ಅದೇ ಟ್ರೇ, ಅದೇ ಕಿವಿ ಮುರಿದ ಕಪ್,
ಹೊಸ ಹುಡುಗ.
ಪರದೆಯಿಂದ ಕಣ್ಣೆತ್ತದೆ
"ಇದಿನಬ್ಬಾ, ಸಕ್ಕರೆ" ಅಂದೆ.

ಓಗೊಟ್ಟ.