ಎಳೆ ನೋಡುವುದು

ಚೌಕಿಪೇಟೆಯ ಅಡತಿ ಅಂಗಡಿಯಲ್ಲಿ
ಬಕ್ಕಮ್ಮತ್ತೆ ಅರಳೆಯ ಎಳೆ ನೋಡುತ್ತಿದ್ದಳು:
ಅಂಡಿಗೆಗೆ ಕೈಹಾಕಿ ಒಂದು ಚಿಟಿಕೆ ಕಿತ್ತು
ಎರಡೂ ಕೈಯ ಹೆಬ್ಬೆರಳಲ್ಲಿ ಮೆಲ್ಲಗೆ ಜಗ್ಗಿ
ಬೆಳಕಿಗೆ ಹಿಡಿದು, ಒಂದು ಕಣ್ಣು ಮುಚ್ಚಿ,
'ನೀರು ಚಿಮುಕಿಸಿ ತೂಕ ಏರಿಸ್ಯಾನೆ, ವಾಪಸ್ ಕಳ್ಸು.'
ಅಪ್ಪ ಲೆಕ್ಕ ಬರೆಯುತ್ತಿದ್ದ, ಮಾತೆಲ್ಲ ಅವಳದು.
ಗಿರಣಿಯವರು ಆ ಬೆರಳನ್ನು ನಂಬುತ್ತಿದ್ದರು
ತಮ್ಮ ತಕ್ಕಡಿಗಿಂತ.

ಅದೇ ಬೆರಳಿಂದ ನನ್ನ ಜಡೆ ಹೆಣೆದವಳು.
ಅಮ್ಮ ಹೋದಾಗ ನನಗೆ ನಾಲ್ಕು, ಅವಳಿಗೆ ಇಪ್ಪತ್ತಮೂರು.
ಅಷ್ಟರಲ್ಲಿ ಅವಳ ಮದುವೆ ಮುಗಿದೇ ಹೋಗಿತ್ತು:
ಒಂದು ಬೇಸಿಗೆಯ ಸಂಸಾರ, ಒಂದು ವಿಷಮಶೀತ ಜ್ವರ.
ಆ ಮಾತು ಅವಳು ಎತ್ತಲಿಲ್ಲ, ನಾನು ಕೇಳಲಿಲ್ಲ.

ನನಗೆ ಹದಿನೆಂಟು ತುಂಬಿದ ವರ್ಷ
ಬಾಗಿಲ ಮುಂದೆ ಚಪ್ಪಲಿಗಳ ಸಂತೆ.
ರಾಣೆಬೆನ್ನೂರಿನ ಬೀಜದಂಗಡಿಯ ಹುಡುಗ ಬಂದ;
ಅವನ ಬದಲು ಅವನಪ್ಪನೇ ನಕ್ಕ, ಅವನಪ್ಪನೇ ಕೆಮ್ಮಿದ.
ಹರಪನಹಳ್ಳಿಯವನು ಬುಲೆಟ್ ಮೇಲೆ ಬಂದ,
ಇಳಿದ ಮೇಲೂ ಬುಲೆಟ್ ಮೇಲೇ ಕೂತಂತಿದ್ದ.
ಒಬ್ಬ ಮೇಷ್ಟರು ನನ್ನ ಕೈಬರಹ ತೋರಿಸಿ ಅಂದ.
ಅತ್ತೆ ಲೆಕ್ಕದ ಸ್ಲೇಟನ್ನು ಅವನ ಮುಂದೆಯೇ ಇಟ್ಟು
'ಮೊದ್ಲು ನೀವು ಬರೀರಿ' ಎಂದಳು.

ಮಂಡಕ್ಕಿ, ಮೆಣಸಿನಕಾಯಿ ಖಾಲಿಯಾದ ಮೇಲೆ
ಎಲ್ಲರಿಗೂ ಅದೊಂದೇ ಪ್ರಶ್ನೆ:
'ಉಂಡ ಗಂಗಾಳ ಯಾವತ್ತಾರ ತೊಳ್ದೀಯೇನಪ್ಪ?'
ಹುಡುಗರು ತಾಯಂದಿರ ಮುಖ ನೋಡುತ್ತಿದ್ದರು.
ತಾಯಂದಿರು ಸೆರಗು ಸರಿಮಾಡಿಕೊಳ್ಳುತ್ತಿದ್ದರು.
ಆಮೇಲೆ ಹಿತ್ತಲಲ್ಲಿ ನನಗೆ ತೀರ್ಪು:
'ಎಳೆ ಗಿಡ್ಡ. ನೂಲಾಗಲ್ಲ. ದಿಂಬಿಗೆ ತುಂಬಬಹುದು.'
ಹೊಟ್ಟೆ ಹಿಡಿದು ನಗುತ್ತಿದ್ದೆವು.
ಸುಳ್ಳೇಕೆ, ಒಂದೆರಡು ರಾತ್ರಿ ಅತ್ತೂ ಇದ್ದೇನೆ;
ಆ ಬುಲೆಟ್ಟಿನವನ ಮೀಸೆ ಚೆನ್ನಾಗಿತ್ತು.

ಕಾರ್ತೀಕದಲ್ಲಿ ಅಜ್ಜಂಪುರದಿಂದ ಇನ್ನೊಬ್ಬ,
ಹಿರಿಯರೆಂದು ಜೊತೆಗೆ ಅವನ ಸೋದರಮಾವ ರೇವಣಸಿದ್ದಪ್ಪ.
ಕಿವಿಯ ಹತ್ತಿರ ನರೆ, ಕಂಕುಳಲ್ಲಿ ಕೊಡೆ.
ಅತ್ತೆಯ ಪ್ರಶ್ನೆಗೆ ಹುಡುಗ ಬೆವರುತ್ತಿರುವಾಗ
ಮಾವ ಎದ್ದ, ತನ್ನ ತಟ್ಟೆ ತಾನೇ ಎತ್ತಿಕೊಂಡ,
'ನೀರು ಎಲ್ಲೈತ್ರಿ?' ಎಂದ.
ತೊಳೆದು, ಬೋರಲು ಹಾಕಿ, ಬಂದು ಕೂತ.
ಬಕ್ಕಮ್ಮತ್ತೆಗೆ ಆ ದಿನ ಮುಂದಿನ ಮಾತು ಸಿಗಲಿಲ್ಲ.

ಹುಡುಗ ಬೇಡವೆಂದು ಹೇಳಿ ಕಳಿಸಿದ್ದಾಯಿತು.
ಮಾವ ಮತ್ತೆ ಬಂದ: ಕೊಡೆ ಮರೆತೆನೆಂದು.
ಕೊಟ್ಟೆವು. ಮತ್ತೆ ಬಂದ: ಇದು ನನ್ನದಲ್ಲವೆಂದು.
ಹದಿನೈದು ದಿನ ಬಿಟ್ಟು, ಪೊಟ್ಟಣದಲ್ಲಿ ಹತ್ತಿಯ ಮಾದರಿ ತಂದು
'ನೀವೊಮ್ಮೆ ನೋಡಿದ್ರೆ ಸಮಾಧಾನ' ಎಂದ.
ಅತ್ತೆ ಕಿತ್ತಳು, ಜಗ್ಗಿದಳು, ಬೆಳಕಿಗೆ ಹಿಡಿದಳು.
ಎರಡೂ ಕಣ್ಣು ತೆರೆದೇ ಇದ್ದವು,
ಹತ್ತಿಯ ಮೇಲಂತೂ ಇರಲಿಲ್ಲ.

ಕಾಯಬೇಕಾದದ್ದು ಯಾರನ್ನೆಂದು ಆಗ ಹೊಳೆಯಿತು.
ಮುಂದಿನ ಸಲ ಬಂದಾಗ ಗಾದಿಯ ಮೇಲೆ ನಾನೇ ಕೂತಿದ್ದೆ,
ಅಪ್ಪನ ಕನ್ನಡಕ ಮೂಗಿಗೇರಿಸಿ.
'ಕೂತ್ಕಳ್ರಿ. ಸಾಲ ಐತಾ? ಸಕ್ಕರೆ ಕಾಯಿಲೆ?
ಮನೆಯವರು ತೀರಿ ಎಷ್ಟು ವರ್ಷ?'
'ಒಂಬತ್ತು' ಎಂದ, ಅದನ್ನು ಮಾತ್ರ ನೆಲ ನೋಡಿ.
'ಅಂಗಡಿ ಬಿಡು ಅಂತೀರಾ ನಮ್ಮತ್ತೆಗೆ?'
ತಡೆದ. ಆ ತಡೆಗೆ ನನ್ನೆದೆ ಹೊಡೆದುಕೊಂಡಿತು.
'ಬಿಡು ಅನ್ನಾಕೆ ನಾನ್ಯಾರಮ್ಮ?
ನಾನೇ ಅಜ್ಜಂಪುರ ಬಿಟ್ರೆ ಹೆಂಗೆ ಅಂತ ಯೋಚ್ನೆ.'
ಒಳಗೆ ಚೊಂಬು ಬಿದ್ದ ಸದ್ದು,
ಅದು ಉರುಳಿ ಉರುಳಿ ನಿಲ್ಲುವಷ್ಟು ಹೊತ್ತು
ಮೂವರೂ ಸುಮ್ಮನಿದ್ದೆವು.

ಓಣಿ ಉಡಿಕೆ ಅಂತು, ಮುದಿ ಹರೆಯ ಅಂತು,
ಮಗಳಂಥವಳ ಮುಂದೆ ನಾಚಿಕೆಗೇಡು ಅಂತು.
ಅಪ್ಪ ಎರಡು ದಿನ ಮಾತು ಬಿಟ್ಟ;
ಮೂರನೆಯ ದಿನ ಗಿರಣಿಯ ಸೈರನ್ ಕೂಗುವ ಮುನ್ನವೇ ಎದ್ದು
ತಂಗಿಗೆ ಗಿಣಿಹಸಿರು ಸೀರೆ ತಂದ,
ಬೆಲೆ ಮಾತ್ರ ಹೇಳಿಯೇ ಹೇಳಿದ.

ನನ್ನ ಮದುವೆಯ ಕತೆ ಬೇರೆ. ಅದರಲ್ಲಿ ಬುಲೆಟ್ ಇಲ್ಲ.
ಎಳೆ ನೋಡಿದವರು ಇಬ್ಬರು, ಗದ್ದಲ ಎರಡರಷ್ಟು.

ಆ ಕೊಡೆ ಮಾತ್ರ ಯಾರದೆಂದು ಇವತ್ತಿಗೂ ತಿಳಿದಿಲ್ಲ.
ಅಂಗಡಿಯ ಮೊಳೆಗೆ ತೂಗಿಕೊಂಡಿದೆ,
ಮೈತುಂಬ ಹತ್ತಿಯ ಧೂಳು.