ಮಡಗುವುದು

ನಂಜುಮಳಿಗೆಯ ನಮ್ಮ ಹೋಟೆಲಿನಲ್ಲಿ
ಮೆಟ್ಟಿಲ ಕೆಳಗೊಂದು ಗೂಡು.
ಬಲ್ಬಿಲ್ಲ. ಬೇಕೆಂದೇ ಇಲ್ಲ.
ಇಟ್ಟಿಗೆ ಮೇಲೆ ಹಲಗೆ, ಹಲಗೆ ಮೇಲೆ ಗೋಣಿಚೀಲ,
ಚೀಲದಲ್ಲಿ ಮೈಮಣ್ಣು ಉದುರದ ಆಲೂಗಡ್ಡೆ.

ಕೆಂಪಾಜಮ್ಮ ಅದನ್ನು ಉರ್ಲಗಡ್ಡೆ ಅನ್ನುತ್ತಾಳೆ,
ಇಡುವುದಕ್ಕೆ ಮಡಗೋದು ಅನ್ನುತ್ತಾಳೆ.
ಇಡುವುದೂ ಮಡಗುವುದೂ ಒಂದೇ ಅಂದುಕೊಂಡಿದ್ದೆ,
ಹೋದ ಬೇಸಿಗೆಯವರೆಗೂ.

ಮಗಳ ಬಾಣಂತನಕ್ಕೆ ಪಾಂಡವಪುರಕ್ಕೆ ಹೊರಟವಳು
ಬಸ್ಸಿನ ಕಂಬಿ ಹಿಡಿದೇ ಹೇಳಿದ್ದಳು:
"ನೀರು ತಾಕಿಸಬ್ಯಾಡ ಕಣಪ್ಪ.
ಈರುಳ್ಳಿ ಪಕ್ಕ ಮಡಗಬ್ಯಾಡ,
ಅವೆರಡಕ್ಕೂ ಆಗಿಬರಾಕಿಲ್ಲ, ಓರಗಿತ್ತೀರು."

ನಾನು ಬಿ.ಕಾಂ. ಓದಿದವನು.
ಗೂಡಿಗೆ ಬಗ್ಗಿ ಬಗ್ಗಿ ಸೊಂಟ ಹಿಡಿದು,
ಸಂತೆಪೇಟೆಯಿಂದ ಬಂದ ಮೂರು ಮೂಟೆಯನ್ನೂ
ಹುಡುಗರಿಂದ ತೊಳೆಸಿ
ಕಿಟಕಿ ಕೆಳಗೆ, ಈರುಳ್ಳಿ ಬುಟ್ಟಿಗೆ ಒರಗಿಸಿ ಇಟ್ಟೆ.
ಎಳೆಬಿಸಿಲು ಬಿದ್ದರೆ ಚಿನ್ನ!
ಫೋಟೊ ಕೂಡ ತೆಗೆದೆ.

ಹನ್ನೆರಡನೆಯ ದಿನ ವಾಸನೆ.
ಮೊದಲು ಮೋರಿ ಅಂದೆವು, ಆಮೇಲೆ ಸತ್ತ ಇಲಿ,
ಪಕ್ಕದ ಸೈಕಲ್ ಶಾಪಿನವರನ್ನೂ ಒಂದು ಸುತ್ತು ಬೈದಾಯಿತು.

ಹಿಂದಿರುಗಿದ ಕೆಂಪಾಜಮ್ಮ ಬೈಯಲಿಲ್ಲ.
ಸೆರಗು ಸಿಕ್ಕಿಸಿ, ನೆಲಕ್ಕೆ ಕೂತು, ಮೂಟೆ ಸುರಿದಳು.
ಕೊಳೆತದ್ದು ಒಂದು,
ಅದು ಒರಗಿ ಕೆಡಿಸಿದ್ದು ಹದಿನಾರು.
ಹಸಿರು ತಿರುಗಿದ್ದನ್ನು ಒಂದೊಂದೇ ಎತ್ತಿ ನೋಡಿದಳು,
ಮಕ್ಕಳ ನಾಲಿಗೆ ನೋಡುವ ಡಾಕ್ಟರ ಹಾಗೆ.

"ಸಿಪ್ಪೆ ಹೆರೆದು ಪಲ್ಯಕ್ಕೆ ಹಾಕಿದರೆ?" ಅಂದೆ,
ಕೆ.ಜಿ. ರೇಟು ನೆನೆದು.
"ಕಯ್ಯಿ ಅದೆ. ಕಯ್ಯಿ ಅಂದ್ರೆ ಇಸ.
ಎಷ್ಟು ಬೇಯಿಸಿದ್ರೂ ಹೋಗಾಕಿಲ್ಲ."

ಆಮೇಲೆ ಮೊಳಕೆಯೊಂದನ್ನು ಹೆಬ್ಬೆರಳಲ್ಲಿ ಸವರುತ್ತ,
ನನಗೋ, ಗಡ್ಡೆಗೋ:
"ಕತ್ತಲಲ್ಲಿ ಮಡಗಿದ್ರೆ ಮನಗಿರ್ತದೆ.
ಬೆಳಕು ಕಂಡ್ರೆ, ತಾನು ಬರೀ ಪಲ್ಯ ಅಲ್ಲ
ಗಿಡ ಅಂತ ಗ್ಯಾನ ಬತ್ತದೆ.
ಕೂಸಿಗೆ ಯಾರೂ ಬಾಯಿ ಹಾಕಬಾರ್ದು ಅಂತ
ಮೈಯೆಲ್ಲ ಇಸ ಮಾಡ್ಕತದೆ.
ಅದರದ್ದೇನು ತಪ್ಪು?"

ಅವಳ ಸೀರೆಯಲ್ಲಿನ್ನೂ ಬಾಣಂತಿ ಕೋಣೆಯ ಸಾಂಬ್ರಾಣಿ.
ಅಲ್ಲೂ ಕಿಟಕಿ ಮುಚ್ಚಿಯೇ ಇಟ್ಟಿದ್ದರಂತೆ.

ಉಳಿದ ಒಂದೂವರೆ ಮೂಟೆ ಒರೆಸಿ, ಆರಿಸಿ
ಮತ್ತೆ ಮೆಟ್ಟಿಲ ಕೆಳಗೆ.
ಫ್ರಿಜ್ಜಿನ ಮಾತೆತ್ತಿದೆ.
"ದೋಸೆ ಪಲ್ಯ ಸೀ ಆದ್ರೆ ಗಿರಾಕಿ ನಿನ್ನ ಮಖಕ್ಕೆ ಎಸೀತಾರೆ" ಅಂದಳು.

ಈಗ ರಾತ್ರಿ ಷಟರ್ ಎಳೆಯುವ ಮುಂಚೆ
ಫೋನಿನ ಟಾರ್ಚು ಹಾಕದೆ
ಗೂಡಿಗೆ ಕೈ ತೂರಿಸುತ್ತೇನೆ.
ಮಣ್ಣು, ತಂಪು, ಬೆರಳಿಗೆ ಬೆರಳಿನಷ್ಟೇ ಗೊತ್ತಾಗುವ ಮೈ.
ಗಟ್ಟಿ. ಗಟ್ಟಿ. ಗಟ್ಟಿ.
ಇದೊಂದು ಮೆತ್ತಗಿದೆ.