ಇಪ್ಪತ್ತೊಂದಕ್ಕೆ ಹನ್ನೊಂದು ದಿನ

ವಕೀಲ ಮೊಣ್ಣಪ್ಪನವರು ಮೊದಲು ಕೇಳಿದ್ದು ಒಂದೇ:
ಜಾಗ ನಿಮ್ಮಜ್ಜ ದುಡಿದು ಕೊಂಡದ್ದೋ,
ಅವರಪ್ಪನಿಂದ ಇಳಿದು ಬಂದದ್ದೋ?
ದುಡಿದದ್ದಾದರೆ ಎದ್ದು ಹೋಗು, ಬಸ್ಸು ಸಿಗುತ್ತದೆ.
ಇಳಿದು ಬಂದದ್ದಾದರೆ ಕೂತುಕೋ, ಕಾಫಿ ತರಿಸುತ್ತೇನೆ.

ಕೂತೆ.

ಜಮ್ಮಾ ಅಲ್ಲ, ಸಾಗು. ಎರಡೂಕಾಲು ಏಕರೆ.
ಮುತ್ತಜ್ಜ ಮಾದಯ್ಯನ ಹೆಸರಿಂದ ಅಜ್ಜ ಚಿಟ್ಟಿಯಪ್ಪನಿಗೆ,
ಅಲ್ಲಿಂದ ಪಾಲುಪಟ್ಟಿಯಲ್ಲಿ ಅಪ್ಪನಿಗೆ,
ಅಪ್ಪನಿಂದ, ಎರಡು ಸಾವಿರದ ನಾಲ್ಕು ಮಾರ್ಚ್ ಹದಿನೆಂಟರಂದು,
ಇದೇ ವಿರಾಜಪೇಟೆಯ ಸಬ್ ರಿಜಿಸ್ಟ್ರಾರ್ ಮುಂದೆ,
ಲೂಸಿ ಟೀಚರ ಹೆಸರಿಗೆ.
ನಾನು ಹುಟ್ಟಿದ್ದು ಏಪ್ರಿಲ್ ಇಪ್ಪತ್ತೇಳಕ್ಕೆ.

ಹಾಗಾದರೆ ನಾನಿರಲೇ ಇಲ್ಲವಲ್ಲ ಸಾರ್, ಅಂದೆ.
ಇದ್ದೆ, ಅಂದರು, ಬೆರಳು ಒದ್ದೆ ಮಾಡಿ ಪುಟ ತಿರುವುತ್ತ.
ಹೊಟ್ಟೆಯೊಳಗಿನ ಕೂಸನ್ನೂ ಕಾನೂನು ಎಣಿಸುತ್ತದೆ,
ನಮ್ಮ ರಾಜ್ಯದಲ್ಲಿ ತೊಂಬತ್ತನಾಲ್ಕರಿಂದಲೇ ಹೆಣ್ಣುಕೂಸನ್ನೂ.
ಜೀವಂತ ಹುಟ್ಟಿದರೆ ಸಾಕು.
ಹದಿನೆಂಟು ತುಂಬಿದ ಮೇಲೆ ಮೂರು ವರ್ಷ ಗಡುವು.
ಇವತ್ತು ಹದಿನಾರು. ಎಣಿಸಿಕೋ.

ಕ್ರಯಪತ್ರದ ನಕಲು ಓದಿದೆ. ಚೆಕ್ಕುಬಂದಿ:
ಪೂರ್ವಕ್ಕೆ ತೋಡು, ಪಶ್ಚಿಮಕ್ಕೆ ಪೈಸಾರಿ,
ಉತ್ತರಕ್ಕೆ ದೊಡ್ಡಪ್ಪನ ಪಾಲು, ದಕ್ಷಿಣಕ್ಕೆ ಓಣಿ.
ಅವತ್ತು ನನಗೂ ಒಂದು ಚೆಕ್ಕುಬಂದಿ ಇತ್ತಲ್ಲ:
ಹಿಂದಕ್ಕೆ ಅವ್ವನ ಬೆನ್ನೆಲುಬು, ಮೇಲಕ್ಕೆ ಅವಳ ಎದೆಬಡಿತ,
ಮುಂದಕ್ಕೆ, ಒಂದು ಚರ್ಮದಾಚೆ,
ಅವಳು ಅವಚಿ ಹಿಡಿದ ಕೈಚೀಲ.
ಅವಳನ್ನೂ ಕರೆದೊಯ್ದಿದ್ದರು ಸಾಕ್ಷಿಗೆ.
ರುಜು ಹಾಕಿದಳು. ನಾನು ಒದ್ದೆನೋ ಏನೋ,
ಅಕ್ಷರ ಒಂದೆಡೆ ವಾರೆಯಾಗಿದೆ.

ಮೂರನೇ ಪುಟದಲ್ಲಿ ಸಿಕ್ಕಿಬಿದ್ದೆ.
ಮಾರುವ ಕಾರಣ: ಕುಟುಂಬದ ಅಗತ್ಯಕ್ಕಾಗಿ,
ಪತ್ನಿಯ ವೈದ್ಯಕೀಯ ವೆಚ್ಚಕ್ಕಾಗಿ.
ಮೊಣ್ಣಪ್ಪನವರು ಪೆನ್ನಿನ ತುದಿ ಅಲ್ಲಿಟ್ಟರು:
ಎದುರಿನವರು ಹಿಡಿಯುವ ಕೊಂಬೆ ಇದೇ.
ಅಗತ್ಯ ರುಜುವಾದರೆ ಮಾರಿದ್ದು ಸರಿ.

ಅವ್ವನಿಗೆ ರಕ್ತದೊತ್ತಡ. ಏಳನೇ ತಿಂಗಳಿಗೇ ನಾನು.
ಮೈಸೂರಲ್ಲಿ ಮೂವತ್ತೇಳು ದಿನ ಗಾಜಿನ ಪೆಟ್ಟಿಗೆ.
ಪಾಲು ಕೇಳುವವಳೂ ನಾನೇ,
ಆ ಪಾಲು ಮಾರಿಸಿದ ಖರ್ಚೂ ನಾನೇ.

ಆದರೂ ಲೆಕ್ಕ ಲೆಕ್ಕವೇ. ನಾಲ್ಕು ಲಕ್ಷದ ಹತ್ತು ಸಾವಿರದಲ್ಲಿ
ಆಸ್ಪತ್ರೆಗೆ ಹೋದದ್ದು ಅರವತ್ತೆರಡು ಸಾವಿರ,
ರಶೀದಿ ಅವ್ವನ ಬೀರುವಿನಲ್ಲಿದೆ, ಸೀರೆ ಕೆಳಗೆ.
ಮತ್ತೆ ಒಂದು ಸೆಕೆಂಡ್ ಹ್ಯಾಂಡ್ ಜೀಪು,
ಕಣ್ಣಂಗಾಲದ ಯಾರದೋ ಕೈಸಾಲ. ಮಿಕ್ಕದ್ದು ಕೇಳಿದರೆ
ಅಪ್ಪ ಗೊಬ್ಬರದ ಬೆಲೆ ಮಾತಾಡುತ್ತಾರೆ.

ಮೊನ್ನೆ ಜಾಗ ನೋಡಲು ಹೋಗಿದ್ದೆ, ಯಾರಿಗೂ ಹೇಳದೆ.
ಹೂಮಳೆ ಬಿದ್ದು ಎಂಟು ದಿನ, ಗಿಡದ ತುಂಬ ಬಿಳಿ, ಜೇನಿನ ಗುಂಯ್.
ಲೂಸಿ ಟೀಚರಿಗೆ ಈಗ ಎಪ್ಪತ್ತು. ಮೂರನೇ ಕ್ಲಾಸಲ್ಲಿ
ನನಗೆ ಭಾಗಾಕಾರ ಕಲಿಸಿದವರು,
ಶೇಷ ಉಳಿದರೆ ಅಳಿಸಬೇಡ, ಪಕ್ಕಕ್ಕೆ ಬರಿ ಅನ್ನುತ್ತಿದ್ದವರು.
ಗುರುತು ಹಿಡಿದರು. ಎಳೆ ಹಲಸು ಕೊಯ್ದು ಚೀಲಕ್ಕೆ ಹಾಕಿದರು.
ಮರ ಯಾರು ನೆಟ್ಟದ್ದು ಅಂತ
ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.
ಕೈಗೆ ಅಂಟು ಹತ್ತಿತು, ಎಣ್ಣೆ ಹಚ್ಚಿದರೂ ಹೋಗದ್ದು.

ನಿನ್ನೆ ರಾತ್ರಿ ಅಪ್ಪನಿಗೆ ಹೇಳಿದೆ.
ಬಹಳ ಹೊತ್ತು ಟಾರ್ಚಿನ ಸೆಲ್ಲು ತಿಕ್ಕುತ್ತಿದ್ದರು.
ಆಮೇಲೆ: ಒಂದನೇ ಪ್ರತಿವಾದಿ ನಾನಾ, ಟೀಚರಾ?
ನೀವೇ.
ಸರಿ. ಅವರನ್ನು ಮೊದಲು ಹಾಕಬೇಡ, ಹೃದಯ ಸರಿ ಇಲ್ಲ.
ವಾಯಿದೆಯ ದಿನ ಇಬ್ಬರೂ ಜೀಪಲ್ಲೇ ಹೋಗುವ,
ಬಸ್ಸಿಗೆ ಯಾಕೆ ದುಡ್ಡು.

ಈಗ ಗುಮಾಸ್ತ ವಕಾಲತ್ತು ಮುಂದಿಟ್ಟು ಕೇಳುತ್ತಾನೆ:
ವಾದಿಯ ವಯಸ್ಸು?
ಇಪ್ಪತ್ತು, ಅಂದೆ.
ಅವನ ಪೆನ್ನು ಬರೆಯಲಿಲ್ಲ. ಕೊಡವಿದ, ಊದಿದ,
ಇನ್ನೊಂದು ತರಲು ಒಳಗೆ ಹೋದ.
ಕಾಫಿಯ ಮೇಲೆ ಕೆನೆ ಕಟ್ಟಿತ್ತು.